ಐದು ನಿಮಿಷ ಏಳು ಸೆಕೆಂಡಿನ ಕುರಿತು

ಸೊರಬ
ದಿನಾಂಕ: ೨೨-೧೧-೨೦೨೪, ಶುಕ್ರವಾರ
ಸಮಯ: ಮಧ್ಯಾಹ್ನ ೨-೨೦ (ಮನೆಯ ಗಡಿಯಾರದ ಪ್ರಕಾರ)

ಇಂದ,
ಜಗದಾಂಬ, ಕೋಂ ಹುಲಿಯಪ್ಪ, ವಯಸ್ಸು ೬೮,
ಹವ್ಯಾಸಿ ರೇಡಿಯೊ ಪರವಾನಗಿದಾರಳು,
ಅಡುಗೆಮನೆ, ಸೊರಬ.

ಗೆ,
ಶ್ರೀ ಹುಲಿಯಪ್ಪನವರು,
ನಿವೃತ್ತ ಟೈಮ್ ಕೀಪರ್, ಖಾಸಗಿ ಬಸ್ ಸ್ಟ್ಯಾಂಡ್,
ಹಾಲಿ ಈ ಮನೆಯ ಸಮಸ್ತ ಗಡಿಯಾರಗಳ ಮೇಲ್ವಿಚಾರಕರು,
ಆರಾಮ ಕುರ್ಚಿ, ನಡುಮನೆ, ಸೊರಬ.

ವಿಷಯ: ನಡುಮನೆಯಲ್ಲಿರುವ ಕಂಪ್ಯೂಟರಿನ ಗಡಿಯಾರವನ್ನು ಐದು ನಿಮಿಷ ಏಳು ಸೆಕೆಂಡ್ ಹಿಂದಕ್ಕೆ ಸರಿಸಲು ಅನುಮತಿ ಕೋರಿ.

ಉಲ್ಲೇಖ:
೧. ಬುಧವಾರ ಬೆಳಿಗ್ಗೆ ತಾವು ನೀಡಿದ ಮೌಖಿಕ ಆದೇಶ: "ಬಾಯಲ್ಲಿ ಹೇಳೋದಲ್ಲ, ಬರೆದು ಕೊಡು."
೨. ೧೯೮೮ರಲ್ಲಿ, ಹೊಸ್ತಿಲ ಮೇಲೆ ನಿಂತು, ತಾವೇ ಹೇಳಿದ ಒಂದು ಮಾತು.
೩. ಈಸೂರಿನ ನಿಂಗಮ್ಮನವರು ಕಳಿಸಿದ ಚೀಟಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬುಧವಾರ ಬೆಳಿಗ್ಗೆ ಅರ್ಜಿದಾರಳು ಮೂರನೆಯ ಅಕ್ಕಿರೊಟ್ಟಿಯನ್ನು ಹೆಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಒತ್ತುತ್ತಿದ್ದಳು. ಆ ಹೊತ್ತಿಗೆ ನಡುಮನೆಯಲ್ಲಿ, ತಮ್ಮ ಸದರಿ ಆದೇಶಕ್ಕೆ ಕಾರಣವಾದ ಮಾತುಕತೆ ಶುರುವಾಯಿತು. ಅರ್ಜಿದಾರಳು ಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತ ಕಾರಣ ರೊಟ್ಟಿ ಸೀದುಹೋಯಿತು. ಸೀದ ರೊಟ್ಟಿಯನ್ನು ಈ ಅರ್ಜಿಗೆ ಲಗತ್ತಿಸಿಲ್ಲ. ಅದನ್ನು ಮಾನ್ಯರೇ ಕಾಯಿಚಟ್ನಿಯ ಜೊತೆ ತಿಂದಿರುತ್ತಾರೆ.

ಬರೆದು ಕೊಡು ಎಂದ ಮೇಲೆ ಬರೆದೇ ಕೊಡಬೇಕಲ್ಲ. ಮೂವತ್ತನಾಲ್ಕು ವರ್ಷ ಸ್ಟ್ಯಾಂಡಿನಲ್ಲಿ ಕುಳಿತು ಡ್ರೈವರು, ಕಂಡಕ್ಟರು, ಏಜೆಂಟರು ಯಾರು ಏನು ಕೇಳಿದರೂ ತಾವು ಹೇಳುತ್ತಿದ್ದುದು ಅದೊಂದೇ ಮಾತು. ಮದುವೆಯಾದ ಹೊಸತರಲ್ಲಿ ತವರಿಗೆ ಎರಡು ದಿನ ಹೋಗಿಬರುತ್ತೇನೆ ಎಂದಾಗಲೂ ಅದೇ ಮಾತು ಬಂದಿತ್ತು. ಆಗ ಅರ್ಜಿದಾರಳಿಗೆ ಬರೆಯಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಆದ್ದರಿಂದ ಕೆಳಕಂಡ ಅಂಶಗಳನ್ನು ತಮ್ಮ ಗಮನಕ್ಕೆ ತರಬಯಸುತ್ತಾಳೆ.

೧. ಅರ್ಜಿದಾರಳು ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ, ರಾಜಪ್ಪ ಮೇಷ್ಟ್ರ ನೈಟ್ ಸ್ಕೂಲಿನಲ್ಲಿ. ಪಕ್ಕದ ಮನೆಯಲ್ಲಿದ್ದ ನಿಂಗಮ್ಮಳೂ ಜೊತೆಗೆ ಕಲಿತಳು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಸ್ಲೇಟು. ನಿಂಗಮ್ಮ ಅ ಆ ಬರೆದು ಅಳಿಸಿ ಕೊಟ್ಟ ಮೇಲೆ ಅರ್ಜಿದಾರಳು ಬರೆಯಬೇಕು. ಅವಳು ಬೇಗ ಅಳಿಸುತ್ತಿರಲಿಲ್ಲ. "ಇನ್ನೊಂಚೂರು ಇರ್ಲಿ ತಡಿಯೇ, ನೋಡೋಕೆ ಚೆಂದ ಐತಿ" ಎನ್ನುತ್ತಿದ್ದಳು. ಮುಂದೆ ಅವಳು ಶಿಕಾರಿಪುರ ತಾಲ್ಲೂಕಿನ ಈಸೂರಿಗೆ, ತನ್ನ ಸ್ವಂತ ಊರಿಗೆ ವಾಪಸು ಹೋದಳು. ಇಬ್ಬರ ನಡುವೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು ಬಿತ್ತು.

ರಾಜಪ್ಪ ಮೇಷ್ಟ್ರಿಗೆ ಹ್ಯಾಮ್ ರೇಡಿಯೊ ಹುಚ್ಚು. ಅದೆಂದರೆ ಸರ್ಕಾರದಿಂದ ಪರವಾನಗಿ ಪಡೆದು, ಮನೆಯಲ್ಲೇ ರೇಡಿಯೊ ಯಂತ್ರ ಇಟ್ಟುಕೊಂಡು, ಮಾಡಿನ ಮೇಲೆ ತಂತಿ ಎಳೆದು ಊರೂರಿನವರ ಜೊತೆ ಮಾತಾಡುವುದು. ಅದರಿಂದ ಯಾವ ಲಾಭವೂ ಇಲ್ಲ, ಇರಕೂಡದು ಎಂದು ಕಾಯಿದೆಯೇ ಹೇಳುತ್ತದೆ. ನಿಂಗಮ್ಮ ಮತ್ತು ಅರ್ಜಿದಾರಳು ಐವತ್ತು ದಾಟಿದ ಮೇಲೆ ಮಂಗಳೂರಿಗೆ ಹೋಗಿ ಅದರ ಪರೀಕ್ಷೆ ಕಟ್ಟಿ ಪಾಸು ಮಾಡಿದರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಇಬ್ಬರೂ ರೇಡಿಯೊದಲ್ಲಿ ಸಿಗುತ್ತಿದ್ದರು. "ಫೋನ್ ಉಂಟಲ್ಲೇ, ಇದೆಂತಕ್ಕೆ" ಎಂದು ತಾವು ಕೇಳಿದ್ದಕ್ಕೆ ಅರ್ಜಿದಾರಳು ಅಂದು ಕೊಟ್ಟ ಉತ್ತರವನ್ನು ಮತ್ತೆ ನಮೂದಿಸುತ್ತಾಳೆ: ಫೋನಿನಲ್ಲಿ ಯಾರು ಬೇಕಾದರೂ ಸಿಗುತ್ತಾರೆ. ರೇಡಿಯೊದಲ್ಲಿ ಸಿಗಬೇಕಾದರೆ ಇಬ್ಬರೂ ಕಾದು ಕುಳಿತಿರಬೇಕು.

೨. ಈ ಮನೆಯ ಗಡಿಯಾರಗಳ ವಿಚಾರ. ಗೋಡೆ ಗಡಿಯಾರ, ಅಲಾರಂ, ಅರ್ಜಿದಾರಳ ಕೈಗಡಿಯಾರ, ಎರಡು ಮೊಬೈಲು, ಎಲ್ಲವೂ ಐದು ನಿಮಿಷ ಮುಂದೆ ಇರತಕ್ಕದ್ದು ಎಂಬುದು ತಮ್ಮ ಕಟ್ಟಳೆ. ಅದನ್ನು ಅರ್ಜಿದಾರಳು ಈವರೆಗೆ ಪ್ರಶ್ನಿಸಿಲ್ಲ, ಈಗಲೂ ಪ್ರಶ್ನಿಸುತ್ತಿಲ್ಲ. ಕಾರಣ, ಆ ಐದು ನಿಮಿಷಕ್ಕೆ ಅವಳು ಋಣಿಯಾಗಿದ್ದಾಳೆ. ೧೯೮೮ರಲ್ಲಿ ಏಳನೇ ತರಗತಿ ಪರೀಕ್ಷೆ ಬರೆಯಲು ಶಿಕಾರಿಪುರಕ್ಕೆ ಹೊರಟ ದಿನ ಹಸು ಹಗ್ಗ ಕಿತ್ತುಕೊಂಡು ಹೋಗಿ, ಅದನ್ನು ಹಿಡಿದು ಕಟ್ಟಿ, ಸೀರೆ ಬದಲಿಸಿ ಓಡುವಾಗ ಗೋಡೆ ಗಡಿಯಾರದಲ್ಲಿ ಬಸ್ಸಿನ ಹೊತ್ತು ಮೀರಿಯೇ ಹೋಗಿತ್ತು. ಸ್ಟ್ಯಾಂಡಿಗೆ ಬಂದು ನೋಡಿದರೆ ಬಸ್ಸು ನಿಂತಿತ್ತು. ಹೆಂಡತಿಗಾಗಿ ತಾವು ಬಸ್ಸು ತಡೆದಿರಿ ಎಂದು ಊರವರು ಆಡಿಕೊಂಡರು. ತಾವು ತಡೆದಿರಲಿಲ್ಲ. ತಡೆಯುವವರೂ ಅಲ್ಲ. ಹೊರಡುವ ಹೊತ್ತಿಗೆ ಇನ್ನೂ ಅರ್ಧ ನಿಮಿಷ ಇತ್ತು, ಅಷ್ಟೆ.

ಅವತ್ತು ಸಂಜೆ ಹೊಸ್ತಿಲ ಮೇಲೆ ನಿಂತು ತಾವು ಹೇಳಿದ ಮಾತು ಉಲ್ಲೇಖ (೨)ರಲ್ಲಿದೆ. "ನೋಡು, ಮನೆ ಗಡಿಯಾರ ಮುಂದಿರಬೇಕು, ಸ್ಟ್ಯಾಂಡ್ ಗಡಿಯಾರ ಸರಿಯಾಗಿರಬೇಕು. ಹಾಗಿದ್ದರೆ ಮಾತ್ರ ಮನುಷ್ಯನಿಗೂ ಬಸ್ಸಿಗೂ ಭೇಟಿಯಾಗೋದು." ಸದರಿ ಮಾತನ್ನು ದಯವಿಟ್ಟು ಮರೆಯಬಾರದು. ಮುಂದೆ ಒಂಬತ್ತನೇ ಅಂಶದಲ್ಲಿ ಅದು ಬೇಕಾಗುತ್ತದೆ.

೩. ಹ್ಯಾಮ್‌ಗಳಲ್ಲಿ ಒಂದು ಪದ್ಧತಿ ಉಂಟು. ರೇಡಿಯೊದಲ್ಲಿ ಮೊದಲ ಬಾರಿ ಸಿಕ್ಕವರು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಾರ್ಡು ಕಳಿಸಬೇಕು. ಇಂಥ ದಿನ, ಇಂಥ ಹೊತ್ತಿಗೆ ನಿನ್ನ ದನಿ ನನಗೆ ಕೇಳಿಸಿತು ಎಂದು ಅದರಲ್ಲಿ ಬರೆಯಬೇಕು. ಎರಡೂ ಕಡೆಯ ಹೊತ್ತು ತಾಳೆಯಾಗಬೇಕು. ಆಗದಿದ್ದರೆ ಕೇಳಿಸಿದ್ದು ಲೆಕ್ಕಕ್ಕಿಲ್ಲ.

ನಿಂಗಮ್ಮ ಮೊದಲು ಸಿಕ್ಕಿದ್ದು ದಿನಾಂಕ ೧೭-೧೧-೨೦೧೩ರ ಭಾನುವಾರ. ಅವಳ ಕಾರ್ಡು ಗುರುವಾರವೇ ಬಂತು. ಬೆಳಿಗ್ಗೆ ೭-೧೨ ಎಂದು ಬರೆದಿದ್ದಳು. ಅರ್ಜಿದಾರಳ ಪುಸ್ತಕದಲ್ಲಿ ೭-೧೭ ಎಂದಿತ್ತು. ಅರ್ಜಿದಾರಳು ಎರಡನ್ನೂ ತಂದು ತಮಗೆ ತೋರಿಸಿದಳು. ತಾವು ಕನ್ನಡಕ ಏರಿಸಿ ನೋಡಿ, "ಈಸೂರಿನ ಗಡಿಯಾರ ಹಿಂದೆ ಉಂಟು. ಅವರು ತಿದ್ದಿಕೊಳ್ಳಲಿ" ಎಂದಿರಿ. ಈಸೂರಿನವರು ನಲವತ್ತೆರಡರಲ್ಲಿ ಬ್ರಿಟಿಷರು ಹೇಳಿದಾಗಲೇ ತಿದ್ದಿಕೊಂಡವರಲ್ಲ, ಸೊರಬದ ಟೈಮ್ ಕೀಪರ್ ಹೇಳಿದರೆ ತಿದ್ದಿಕೊಳ್ಳುತ್ತಾರೆಯೇ. ನಿಂಗಮ್ಮ, "ನಂದು ಆಕಾಶವಾಣಿ ಪೀಂ ಪೀಂ ಕೇಳಿ ಇಟ್ಟಿರೋ ಟೈಮು. ನಿಂದೇ ಮುಂದೈತಿ" ಎಂದಳು. ಐದು ನಿಮಿಷ ಎಂದ ಕೂಡಲೇ ಅರ್ಜಿದಾರಳಿಗೆ ಹೊಳೆಯಬೇಕಿತ್ತು. ಹೊಳೆಯಿತು ಸಹ. ಆದರೆ ನಲವತ್ತು ವರ್ಷ ಒಂದು ಗಡಿಯಾರದ ಕೆಳಗೆ ಬದುಕಿದವಳು ಪರರ ಮುಂದೆ ಅದನ್ನು ಬಿಟ್ಟುಕೊಡುವುದು ಹೇಗೆ. ತಮ್ಮ ಪಕ್ಷವನ್ನೇ ವಹಿಸಿದಳು.

ಆದ್ದರಿಂದ ಅರ್ಜಿದಾರಳ ಕಾರ್ಡು ಹೋಗಲಿಲ್ಲ. ಸಾಸಿವೆ ಡಬ್ಬಿಯ ಹಿಂದೆ ಹನ್ನೊಂದು ವರ್ಷ ಇತ್ತು. ಪ್ರತಿ ಭಾನುವಾರ ಮಾತು ಮುಗಿಸುವ ಮುಂಚೆ ಅವಳು, "ಜಗದಾ, ನನ್ನ ಕಾರ್ಡ್ ಎಲ್ಲೈತಿ?" ಎನ್ನುವುದು, ಇವಳು, "ಮೊದಲು ನಿನ್ನ ಗಡಿಯಾರ ತಿದ್ದಿಕೋ, ಆಮೇಲೆ ಕಳಿಸ್ತೀನಿ" ಎನ್ನುವುದು. ನಮಸ್ಕಾರ ಹೇಳುವ ಬದಲು ಅದನ್ನೇ ಹೇಳಿ ರೇಡಿಯೊ ಬಂದ್ ಮಾಡುತ್ತಿದ್ದೆವು ಎಂದರೂ ಸರಿಯೇ. (ಇಲ್ಲಿ 'ಮಾಡುತ್ತಿದ್ದೆವು' ಎಂಬುದನ್ನು 'ಮಾಡುತ್ತಿದ್ದರು' ಎಂದು ಓದಿಕೊಳ್ಳುವುದು.)

೪. ಹೋದ ವರ್ಷ ನಿಂಗಮ್ಮನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು. ದನಿ ಉಳಿಯಲಿಲ್ಲ.

೫. ನೋಡಲು ಹೋದಾಗ ಅವಳು ಸ್ಲೇಟಿನ ಮೇಲೆ ಬರೆದು ಮಾತಾಡಿದಳು. ಅದೇ ಹಳೆಯ ಸ್ಲೇಟಲ್ಲ, ಹೊಸದು. ಅರ್ಜಿದಾರಳು ಕಣ್ಣು ಒರೆಸಿಕೊಂಡದ್ದನ್ನು ನೋಡಿ, "ಪಾಪ ಅನ್ನೋದಾದ್ರೆ ಬಸ್ಸು ಮೂರು ಗಂಟೆಗೈತಿ, ಹೊರಡು" ಎಂದು ಬರೆದಳು. ಅದಾದ ಮೇಲೆ ಭಾನುವಾರಗಳಲ್ಲಿ ಅರ್ಜಿದಾರಳು ಒಬ್ಬಳೇ ಮಾತಾಡಿದಳು. ಆ ಕಡೆ ಅವಳು ಕೇಳುತ್ತಿದ್ದಾಳೋ, ರೇಡಿಯೊ ಹಾಕಿ ಹಟ್ಟಿಗೆ ಹೋಗಿದ್ದಾಳೋ ತಿಳಿಯದು. ಹೀಗೆ ಎಷ್ಟು ದಿನ.

ಆಗ ತೀರ್ಥೇಶನು ಒಂದು ದಾರಿ ಹೇಳಿದನು. ತೀರ್ಥೇಶನೆಂದರೆ ನಮ್ಮ ಟಿ.ವಿ. ರಿಪೇರಿ ತೀರ್ಥೇಶ, ಐವತ್ತರ ಗಂಡಸು, ಅವನೂ ಹ್ಯಾಮ್. ರೇಡಿಯೊಕ್ಕೆ ಕಂಪ್ಯೂಟರ್ ಜೋಡಿಸಿದರೆ ಬಾಯಿ ಬೇಡ, ಕಿವಿಯೂ ಬೇಡ. ಈ ಕಡೆ ಟೈಪು ಮಾಡಿದ್ದನ್ನು ಕಂಪ್ಯೂಟರು ಒಂಥರಾ ರಾಗ ಮಾಡಿ ರೇಡಿಯೊಕ್ಕೆ ಕೊಡುತ್ತದೆ. ಆ ಕಡೆಯ ಕಂಪ್ಯೂಟರು ರಾಗ ಕೇಳಿ ಪುನಃ ಅಕ್ಷರ ಮಾಡುತ್ತದೆ. "ಅಕ್ಕಾ, ನಮ್ಮ ಕಿವಿಗೆ ಬರೀ ಗಾಳಿ ಅನ್ನಿಸೋದರಲ್ಲೂ ಅದು ಮನುಷ್ಯರನ್ನ ಹುಡುಕುತ್ತೆ" ಎಂದನು. ನಿಂಗಮ್ಮನ ಮನೆಯಲ್ಲಿ ಅವನೇ ಎಲ್ಲ ಜೋಡಿಸಿ ಬಂದನು. ಇಲ್ಲಿಗೆ ಝೆರಾಕ್ಸ್ ಅಂಗಡಿಯವರು ಬಿಟ್ಟುಕೊಟ್ಟ ಒಂದು ಹಳೆಯ ಕಂಪ್ಯೂಟರು ಬಂತು. ತಾವೇ ಅದಕ್ಕೆ ಕುಂಕುಮ ಇಟ್ಟು, ನಿಂಬೆಹಣ್ಣು ಒಡೆದಿರಿ. ಆ ಉಪಕಾರವನ್ನು ಅರ್ಜಿದಾರಳು ಮರೆತಿಲ್ಲ. ಮರುದಿನ ತಾವು ಮಾಡಿದ್ದನ್ನೂ ಮರೆತಿಲ್ಲ. ಅದು ಎಂಟನೇ ಅಂಶದಲ್ಲಿದೆ.

೬. ತೀರ್ಥೇಶನು ಕೇಬಲ್ ತಂದುಕೊಟ್ಟು, ಹೇಗೆ ಜೋಡಿಸಬೇಕೆಂದು ಕಾಗದದ ಮೇಲೆ ಚಿತ್ರ ಬರೆದುಕೊಟ್ಟು ಹೋದನು. ಜೋಡಿಸಿದವಳು ಅರ್ಜಿದಾರಳು. ರೇಡಿಯೊದ ಶಬ್ದ ಕಂಪ್ಯೂಟರಿಗೆ ಹೋಗಲು ಒಂದು ತಂತಿ, ಕಂಪ್ಯೂಟರಿನ ಶಬ್ದ ರೇಡಿಯೊಕ್ಕೆ ಬರಲು ಇನ್ನೊಂದು. ಕಂಪ್ಯೂಟರು ಶಬ್ದ ಮಾಡಿದರೆ ಸಾಕು, ರೇಡಿಯೊ ತಾನಾಗಿಯೇ ಕೇಳುವುದನ್ನು ನಿಲ್ಲಿಸಿ ಕಳಿಸಲು ಶುರುಮಾಡುತ್ತದೆ. ಶಬ್ದದ ಪ್ರಮಾಣ ಸಾರಿನ ಉಪ್ಪಿನ ಹಾಗೆ. ಕಡಿಮೆಯಾದರೆ ಮುಟ್ಟುವುದಿಲ್ಲ, ಹೆಚ್ಚಾದರೆ ಪಕ್ಕದವರಿಗೂ ಬಾಯಿ ಕೆಡುತ್ತದೆ. ತೆರೆಯ ಮೂಲೆಯಲ್ಲಿ ಒಂದು ಹಸಿರು ಪಟ್ಟಿ ಇದೆ, ಅದು ಮೂವತ್ತರ ಹತ್ತಿರ ನಿಂತರೆ ಹದ. ಇದನ್ನು ಕಲಿಯಲು ಅರ್ಜಿದಾರಳಿಗೆ ಒಂಬತ್ತು ದಿನ ಹಿಡಿಯಿತು. ಅವಸರವೇನಿರಲಿಲ್ಲ. 'ಕ್ಷ' ಬರೆಯಲು ಇದಕ್ಕಿಂತ ಹೆಚ್ಚು ದಿನ ಹಿಡಿದಿತ್ತು.

ಎಲ್ಲ ಆದ ಮೇಲೆ ತೆರೆಯ ಮೇಲೆ ಬಣ್ಣದ ಗೆರೆಗಳು ಮೇಲಿಂದ ಕೆಳಕ್ಕೆ ಜಾರತೊಡಗಿದವು. ಒಂದೊಂದು ಗೆರೆಯೂ ಎಲ್ಲಿಯೋ ಕುಳಿತ ಒಬ್ಬೊಬ್ಬ ಮನುಷ್ಯ. ಗೆರೆ ಬಂದ ಮೇಲೆ ಪಕ್ಕದಲ್ಲಿ ಅಕ್ಷರ ಮೂಡಬೇಕು. ಮೂಡಲಿಲ್ಲ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ಮೂರು ತಿಂಗಳೂ ಮೂಡಲಿಲ್ಲ. ಅರ್ಜಿದಾರಳು ಕಳಿಸಿದ್ದಕ್ಕೆ ಒಬ್ಬರೂ ಓಗೊಡಲಿಲ್ಲ. ನೈಟ್ ಸ್ಕೂಲಿಗೆ ಹೋಗುವ ಮುಂಚೆ ಬಸ್ಸಿನ ಬೋರ್ಡು ನೋಡುತ್ತ ನಿಂತ ಹಾಗಿತ್ತು. ಅಲ್ಲಿ ಏನೋ ಬರೆದಿದೆ, ಎಲ್ಲರಿಗೂ ಅದು ಗೊತ್ತು, ತನಗೆ ಮಾತ್ರ ಗೆರೆ.

೭. ಮುಂದುವರೆದು, ಈ ತಿಂಗಳ ಹತ್ತನೇ ತಾರೀಖಿನ ಭಾನುವಾರ ಅರ್ಜಿದಾರಳು ಹಾಲು ಕರೆಯಲು ಹೋಗಿದ್ದಾಗ ತಾವು ಕಂಪ್ಯೂಟರಿನಲ್ಲಿ ಶುಂಠಿ ಧಾರಣೆಯ ವಿಡಿಯೊ ಹಾಕಿದಿರಿ. ಶಬ್ದ ಬರಲಿಲ್ಲ. ವಾಲ್ಯೂಮು ಪೂರ್ತಿ ಏರಿಸಿದಿರಿ. ಆದರೂ ಬರಲಿಲ್ಲ. ಒಟ್ಟು ನಾಲ್ಕು ಸಲ ಅದೇ ಧಾರಣೆಯನ್ನು ಹಾಕಿ, "ಈ ಪೆಟ್ಟಿಗೆ ಮೂಕ" ಎಂದು ಬೈದು ಎದ್ದುಹೋದಿರಿ. ನಿಜ ಸಂಗತಿ ಏನೆಂದರೆ ಶಬ್ದ ಬರುತ್ತಿತ್ತು. ನಡುಮನೆಗೆ ಬರುತ್ತಿರಲಿಲ್ಲ. ಕೇಬಲ್ ಮೂಲಕ ರೇಡಿಯೊಕ್ಕೆ ಹೋಗಿ, ಅಲ್ಲಿಂದ ಎರಡು ತಾಲ್ಲೂಕಿನ ಮೇಲೆ ಹರಡುತ್ತಿತ್ತು. ಇದು ಪರವಾನಗಿಯ ಷರತ್ತಿಗೆ ವಿರುದ್ಧ. ಆದರೂ ಮನೆಯ ಮರ್ಯಾದೆಯ ದೃಷ್ಟಿಯಿಂದ ಅರ್ಜಿದಾರಳು ತನ್ನ ಪುಸ್ತಕದಲ್ಲಿ ಅದನ್ನು 'ಪರೀಕ್ಷಾರ್ಥ ಪ್ರಸಾರ' ಎಂದು ನಮೂದಿಸಿದ್ದಾಳೆ.

ಈಸೂರಿನಲ್ಲಿ ನಿಂಗಮ್ಮ ರೇಡಿಯೊ ಮುಂದೆ ಕುಳಿತಿದ್ದಳು. ಮೂರು ತಿಂಗಳಿಂದ ಪ್ರತಿ ಭಾನುವಾರವೂ ಕುಳಿತಿದ್ದಳಂತೆ. ಬುಧವಾರ ತೀರ್ಥೇಶನ ಕೈಯಲ್ಲಿ ಚೀಟಿ ಕಳಿಸಿದಳು. ಉಲ್ಲೇಖ (೩) ಅದೇ. ಪೂರ್ತಿ ಇಲ್ಲಿ ನಕಲು ಮಾಡಿದೆ:

"ಜಗದಾ, ಶುಂಠಿ ಧಾರಣೆ ಚೆನ್ನಾಗಿ ಕೇಳಿಸ್ತು. ನಾಲ್ಕು ಸಲ ಕೇಳಿಸ್ತು. ನೀನು ಕೇಳಿಸಲಿಲ್ಲ. ಇಪ್ಪತ್ನಾಲ್ಕನೇ ತಾರೀಖು ಭಾನುವಾರ ಒಂದು ನೋಡ್ತೀನಿ. ಆಮೇಲೆ ರೇಡಿಯೊ ತೀರ್ಥೇಶನಿಗೆ ಕೊಟ್ಟುಬಿಡ್ತೀನಿ, ಯಾರಾದ್ರೂ ಮಾತಾಡೋರು ಇಟ್ಕೊಳ್ಳಲಿ. ಬರೀ ಕೇಳೋದಾದ್ರೆ ನಂಗೆ ಆಕಾಶವಾಣಿ ಸಾಕು."

ಕಾರ್ಡಿನ ಮಾತು ಕೇಳಿರಲಿಲ್ಲ. ದನಿ ಹೋದ ಮೇಲೂ ಸ್ಲೇಟಿನಲ್ಲಿ ಬರೆದು ಕೇಳಿದ್ದಳು. ಹನ್ನೊಂದು ವರ್ಷದಲ್ಲಿ ಕೇಳದೆ ಬಿಟ್ಟದ್ದು ಇದೇ ಮೊದಲು.

೮. ಚೀಟಿ ಓದಿದ ತೀರ್ಥೇಶನು, "ಅಕ್ಕಾ, ಶುಂಠಿ ಹೋಗಿದೆ ಅಂದ್ರೆ ರೇಡಿಯೊ ಸರಿ ಇದೆ. ತಂತಿ ಸರಿ ಇದೆ. ಕೇಬಲ್ಲೂ ಸರಿ. ಹಾಗಾದ್ರೆ ಎಂತದು?" ಎಂದು ಕಂಪ್ಯೂಟರಿನ ಮುಂದೆ ಕುಳಿತನು. ತನ್ನ ಮೊಬೈಲ್ ತೆಗೆದು ಅದರ ಪಕ್ಕ ಹಿಡಿದನು. ಆಗ ನಡೆದ ಸಂಭಾಷಣೆಯನ್ನು, ರೊಟ್ಟಿ ಬಿಟ್ಟು ಬಾಗಿಲಲ್ಲಿ ನಿಂತ ಅರ್ಜಿದಾರಳು ಕೇಳಿದಂತೆ, ಇಲ್ಲಿ ದಾಖಲಿಸಿದೆ.

"ಇದರ ಟೈಮ್ ಯಾರು ಇಟ್ಟಿದ್ದು?"

"ನಾನು" ಎಂದಿರಿ ತಾವು, ಕುರ್ಚಿಯಿಂದ. "ಬಂದ ಮರುದಿನವೇ ಇಟ್ಟೆ. ಅದು ಲಂಡನ್ ಟೈಮ್ ತೋರಿಸ್ತಿತ್ತು. ಸೊರಬದಲ್ಲಿ ಕೂತು ಲಂಡನ್ ಟೈಮ್ ಎಂತಕ್ಕೆ?"

"ಅದು ಹಾಗೇ ತೋರಿಸಬೇಕು ಹುಲಿಯಪ್ಪಣ್ಣ. ಎಲ್ಲ ದೇಶದ ಹ್ಯಾಮ್‌ಗಳಿಗೂ ಒಂದೇ ಲೆಕ್ಕ."

"ಇರ್ಲಿ. ಐದೂವರೆ ಗಂಟೆ ಲಂಡನ್ನಿನವರದ್ದು, ಅದನ್ನ ಮುಟ್ಟಲಿಲ್ಲ. ಐದು ನಿಮಿಷ ನನ್ನದು."

"ಅದು ತಾನಾಗೇ ಇಂಟರ್ನೆಟ್ ನೋಡಿ ಸರಿ ಮಾಡ್ಕೊಳ್ತದಲ್ಲ ಅಣ್ಣ."

"ಅದನ್ನ ಬಂದ್ ಮಾಡಿದೆ. ಗಡಿಯಾರ ತಾನೇ ತಿದ್ದಿಕೊಳ್ಳೋದಾದ್ರೆ ನಾನು ಎಂತಕ್ಕಿದೀನಿ ಈ ಮನೇಲಿ?"

ತೀರ್ಥೇಶನು ಹೇಳಿದ್ದು ಇಷ್ಟು. ಈ ವ್ಯವಸ್ಥೆಯಲ್ಲಿ ಎಲ್ಲರೂ ಹದಿನೈದು ಹದಿನೈದು ಸೆಕೆಂಡಿನ ಸರದಿಯಲ್ಲಿ ಕಳಿಸಬೇಕು. ಒಂದು ಸರದಿ ನೀನು, ಇನ್ನೊಂದು ಸರದಿ ನಾನು. ಸರದಿ ಶುರುವಾಗುವ ಹೊತ್ತು ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರಬೇಕು, ಒಂದೆರಡು ಸೆಕೆಂಡು ಆಚೀಚೆಯಾದರೆ ಅಕ್ಷರ ಮೂಡುವುದಿಲ್ಲ. ತಾವು ಸರಿಯಾಗಿ ಐದು ನಿಮಿಷವೇ ಮುಂದಿಟ್ಟಿದ್ದರೂ ಸಾಗುತ್ತಿತ್ತಂತೆ, ಇಪ್ಪತ್ತು ಸರದಿ ಹಿಂದುಮುಂದಾಗಿ ಲೆಕ್ಕ ಕೂಡುತ್ತಿತ್ತು. "ಆದ್ರೆ ಇದು ಐದು ನಿಮಿಷ ಏಳು ಸೆಕೆಂಡ್ ಇದೆ ಅಣ್ಣ."

ತಾವು ಕೀ ಕೊಡುವ ಕೈಗಡಿಯಾರ ನೋಡಿಕೊಂಡು, ಒಂದು ಬೆರಳಲ್ಲಿ ಗುಂಡಿ ಒತ್ತಿ ಸಮಯ ಇಟ್ಟವರು. ಏಳು ಸೆಕೆಂಡು ಆ ಬೆರಳಿನದು.

"ಏಳು ಸೆಕೆಂಡಿಗೆ ಯಾವ ಬಸ್ಸು ತಪ್ಪುತ್ತೋ ಮಾರಾಯ?"

"ಈ ಬಸ್ಸು ತಪ್ಪುತ್ತೆ. ಮೂರು ತಿಂಗಳಿಂದ ತಪ್ತಾ ಉಂಟು."

ಹಾಗಾದರೆ ಅದನ್ನು ತಿದ್ದಬಹುದೇ ಎಂದು ಅರ್ಜಿದಾರಳು ಬಾಗಿಲಿನಿಂದಲೇ ಕೇಳಿದಳು. ತಾವು ಗೋಡೆಯ ಕಡೆ ತಿರುಗಿ, ಅರ್ಜಿದಾರಳನ್ನು ನೋಡದೆ, ಉಲ್ಲೇಖ (೧)ರ ಆದೇಶ ಹೊರಡಿಸಿದಿರಿ.

೯. ಈಗ ವಾದ. ತಾವು ೧೯೮೮ರಲ್ಲಿ ಮನೆ ಬೇರೆ, ಸ್ಟ್ಯಾಂಡ್ ಬೇರೆ ಎಂದಿರಿ. ಮನೆಯೆಂದರೆ ಹೊರಡುವ ಜಾಗ, ಸ್ಟ್ಯಾಂಡೆಂದರೆ ಭೇಟಿಯಾಗುವ ಜಾಗ. ಸದರಿ ಕಂಪ್ಯೂಟರು ನಮ್ಮ ನಡುಮನೆಯಲ್ಲಿ ಇದೆ, ನಮ್ಮ ಕರೆಂಟು ತಿನ್ನುತ್ತದೆ, ಅದರ ಮೇಲೆ ತಮ್ಮ ಟವೆಲ್ಲು ಒಣಗುತ್ತದೆ. ಆದಾಗ್ಯೂ ಅದು ಮನೆಯಲ್ಲ. ಹದಿನೈದು ಸೆಕೆಂಡಿಗೊಂದರಂತೆ ಬಸ್ಸು ಹೊರಡುವ ಜಾಗ ಯಾವುದೆಂದು ತಮಗಿಂತ ಚೆನ್ನಾಗಿ ಬಲ್ಲವರು ಯಾರು. ಒಂದು ಹೋಗುವ ಬಸ್ಸು, ಒಂದು ಬರುವ ಬಸ್ಸು, ಜಪಾನಿನವರು, ರಷ್ಯಾದವರು, ನಮ್ಮ ಈಸೂರಿನವಳು, ಎಲ್ಲರೂ ಒಂದೇ ಗಡಿಯಾರ ನೋಡಿಕೊಂಡು ನಿಂತಿದ್ದಾರೆ. ಇಂಥ ಸ್ಟ್ಯಾಂಡಿನಲ್ಲಿ ಯಾವನಾದರೂ ಏಜೆಂಟು ಗಡಿಯಾರ ಐದು ನಿಮಿಷ ಮುಂದಿಟ್ಟಿದ್ದರೆ ತಾವು ಟೈಮ್ ಕೀಪರ್ ಆಗಿ ಅವನನ್ನು ಏನು ಮಾಡುತ್ತಿದ್ದಿರಿ ಎಂಬುದನ್ನು ಅರ್ಜಿದಾರಳು ಬರೆಯುವುದಿಲ್ಲ. ಒಮ್ಮೆ ಮಾಡಿದ್ದು ಊರಿಗೆಲ್ಲ ಗೊತ್ತಿದೆ.

೧೦. ಗುರುವಾರ ರಾತ್ರಿ ಊಟಕ್ಕೆ ಕುಳಿತಾಗ ತಾವು, ಅರ್ಜಿ ಬರುವ ಮುಂಚೆಯೇ, ಒಂದು ರಾಜಿ ಸೂತ್ರ ಮುಂದಿಟ್ಟಿರಿ. "ಏಳು ಸೆಕೆಂಡ್ ತೆಗೀತೀನಿ. ಐದು ನಿಮಿಷ ಇರ್ಲಿ. ತೀರ್ಥೇಶನೇ ಸಾಗುತ್ತೆ ಅಂದನಲ್ಲ." ಇದನ್ನು ಹೇಳುವಾಗ ಮಜ್ಜಿಗೆಯನ್ನು ಎರಡು ಸಲ ಬಡಿಸಿಕೊಂಡಿರಿ. ತಮಗೂ ನಾಚಿಕೆಯಿದೆ ಎಂದು ಅರ್ಜಿದಾರಳು ತಿಳಿದುಕೊಂಡಳು.

ಸದರಿ ಸೂತ್ರದಿಂದ ಅಕ್ಷರ ಮೂಡುತ್ತದೆ, ಒಪ್ಪಿದೆ. ಆದರೆ ಕಂಪ್ಯೂಟರು ತನ್ನ ಪುಸ್ತಕದಲ್ಲಿ ತಾನೇ ಹೊತ್ತು ಬರೆದುಕೊಳ್ಳುತ್ತದೆ. ಲಂಡನ್ ಲೆಕ್ಕವನ್ನು ನಮ್ಮ ಲೆಕ್ಕಕ್ಕೆ ತಂದರೆ, ಈಸೂರಿನಲ್ಲಿ ೭-೦೫ ಆದರೆ ಇಲ್ಲಿ ೭-೧೦ ಎಂದು ಬರೆಯುತ್ತದೆ. ಮತ್ತೆ ತಾಳೆಯಾಗುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಮೊದಲು ಸಿಕ್ಕಿದ್ದಕ್ಕೂ ಕಾರ್ಡು ಕಳಿಸಬೇಕು, ಅದೂ ಮತ್ತೆ ಸಾಸಿವೆ ಡಬ್ಬಿಯ ಹಿಂದೆ. ಹಿಂದಿನ ಸಲ ಹತ್ತು ವರ್ಷ ಜಗಳ ಮಾಡಲು ಇಬ್ಬರಿಗೂ ದನಿ ಇತ್ತು, ಪ್ರಾಯವೂ ಇತ್ತು. ಈಗ ಅರ್ಜಿದಾರಳಿಗೆ ಅರವತ್ತೆಂಟು, ನಿಂಗಮ್ಮಳಿಗೆ ಎಪ್ಪತ್ತೊಂದು. ಅಷ್ಟು ದೊಡ್ಡ ಜಗಳಕ್ಕೆ ಹೊತ್ತಿಲ್ಲ.

ಕಾರಣ, ಏಳು ಸೆಕೆಂಡು ಸಾಲದು. ಐದು ನಿಮಿಷವೂ ಬೇಕು.

೧೧. ಗಡಿಯಾರ ತಿದ್ದಲು ಅರ್ಜಿದಾರಳಿಗೆ ಬರುತ್ತದೆ. ಎಲ್ಲಿ ಒತ್ತಬೇಕೆಂದು ತೀರ್ಥೇಶ ತೋರಿಸಿ ಹೋಗಿದ್ದಾನೆ. ತಾವು ಮಧ್ಯಾಹ್ನ ಮಲಗಿದಾಗ ಒಂದು ನಿಮಿಷದ ಕೆಲಸ. ಹಾಗೆ ಮಾಡಿಲ್ಲ. ನಲವತ್ತೊಂಬತ್ತು ವರ್ಷ ತಾವು ಹೇಳಿದ ಹೊತ್ತಿಗೆ ಎದ್ದು, ತಾವು ಹೇಳಿದ ಹೊತ್ತಿಗೆ ಒಲೆ ಹೊತ್ತಿಸಿದವಳು, ಮೊದಲ ಸಲ ಬೇರೆ ಹೊತ್ತಿಗೆ ಹೋಗುವಾಗ ಕದ್ದು ಹೋಗಬಾರದು ಎಂದು ಅವಳ ಮನಸ್ಸು.

೧೨. ಭಾನುವಾರದ ತಯಾರಿ. ಈ ವ್ಯವಸ್ಥೆಯಲ್ಲಿ ಒಂದು ಸರದಿಗೆ ಸ್ವಂತ ಮಾತು ಹದಿಮೂರು ಅಕ್ಷರ ಮಾತ್ರ ಕಳಿಸಬಹುದು. ಅದೂ ಇಂಗ್ಲಿಷ್ ಅಕ್ಷರ. ನಡುವೆ ಬಿಟ್ಟ ಜಾಗವೂ ಒಂದು ಅಕ್ಷರ. ಹನ್ನೊಂದು ವರ್ಷದ ಮಾತನ್ನು ಹದಿಮೂರರಲ್ಲಿ ಹಿಡಿಸಬೇಕಾದ್ದರಿಂದ ಅರ್ಜಿದಾರಳು ಎರಡು ದಿನದಿಂದ ಬೆರಳು ಎಣಿಸುತ್ತಿದ್ದಾಳೆ. ತಾವು ಅದನ್ನು ನೋಡಿ, "ಜಪ ಶುರುವಾಯ್ತಾ?" ಎಂದು ಕೇಳಿದಿರಿ. ಜಪವಲ್ಲ. ಕೊನೆಗೆ ಒಂದು ಕೂಡಿತು: 'ಕಾರ್ಡ್ ಹಾಕಿದೆ'. ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು ಆಗುತ್ತದೆ. ಎರಡು ಉಳಿಯಿತು. ಮುಂದೆ 'ಕಣೇ' ಎಂದು ಸೇರಿಸುವ ಆಸೆ ಇತ್ತು, ಹಿಡಿಯಲಿಲ್ಲ.

ಆದರೆ ಕಾರ್ಡು ಹಾಕದೆ ಹಾಕಿದೆ ಎಂದು ಕಳಿಸುವುದು ಸುಳ್ಳಾಗುತ್ತದೆ. ಪೋಸ್ಟಾಫೀಸಿಗೆ ಹೋಗಿಬರಲು ಅರ್ಜಿದಾರಳ ಮೊಣಕಾಲು ಈ ವಾರ ಒಪ್ಪುತ್ತಿಲ್ಲ. ನಾಳೆ ಶನಿವಾರ, ತಾವು ದೇವಸ್ಥಾನಕ್ಕೆ ಹೋದವರು ಯಾವಾಗ ಬರುತ್ತೀರೋ ಹೇಳಲಾಗದು. ಆದ್ದರಿಂದ ಇಂದೇ, ಪೆಟ್ಟಿಗೆಯಿಂದ ಟಪಾಲು ತೆಗೆಯುವ ನಾಲ್ಕು ಗಂಟೆಯ ಒಳಗೆ, ಕೆಲಸವಾಗಬೇಕಾಗಿದೆ.

ಆದ್ದರಿಂದ ಮಾನ್ಯರಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ:

(ಅ) ಕಂಪ್ಯೂಟರನ್ನು ಈ ಅರ್ಜಿಯ ದಿನಾಂಕದಿಂದ ಬಸ್ ಸ್ಟ್ಯಾಂಡ್ ಎಂದು ಘೋಷಿಸಬೇಕು.

(ಆ) ಅದರ ಗಡಿಯಾರವನ್ನು ಐದು ನಿಮಿಷ ಏಳು ಸೆಕೆಂಡ್ ಹಿಂದಕ್ಕೆ ಸರಿಸಲು ಅನುಮತಿಸಬೇಕು. ಸಾಧ್ಯವಾದರೆ ತಾವೇ ಸರಿಸಬೇಕು. ತಮ್ಮ ಕೈಯಿಂದಲೇ ಆದರೆ ಅರ್ಜಿದಾರಳಿಗೆ ಸಂತೋಷ.

(ಇ) ಗೋಡೆ ಗಡಿಯಾರ, ಅಲಾರಂ, ಕೈಗಡಿಯಾರ ಮತ್ತು ಮೊಬೈಲುಗಳು ಈಗಿರುವಂತೆ ಐದು ನಿಮಿಷ ಮುಂದೆಯೇ ಇರಲು ಅರ್ಜಿದಾರಳ ಯಾವ ಆಕ್ಷೇಪಣೆಯೂ ಇಲ್ಲ. ಹಸು ಈಗಲೂ ಹಗ್ಗ ಕೀಳುತ್ತದೆ.

(ಈ) ಲಗತ್ತು ೩ನ್ನು ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದಲ್ಲ.

ಇಂತಿ ತಮ್ಮ ವಿಶ್ವಾಸಿ, ತಮ್ಮ ಗಡಿಯಾರದ ಪ್ರಕಾರ ಸದಾ ಐದು ನಿಮಿಷ ತಡವಾಗಿರುವ,
ಜಗದಾಂಬ (ಸಹಿ)

ಲಗತ್ತುಗಳು:
೧. ನಿಂಗಮ್ಮನವರ ಚೀಟಿ, ಮೂಲ ಪ್ರತಿ. ಓದಿ ವಾಪಸು ಕೊಡುವುದು.
೨. ತೀರ್ಥೇಶನು ಕೇಬಲ್ ಜೋಡಿಸಲು ಬರೆದುಕೊಟ್ಟ ಚಿತ್ರ. ಹಿಂಬದಿಯಲ್ಲಿ ತಾವು ಬರೆದ ಶುಂಠಿ ಧಾರಣೆ ಇರುತ್ತದೆ.
೩. ಕಾರ್ಡು ಒಂದು, ಅಂಚೆಚೀಟಿ ಅಂಟಿಸಿದ್ದು. ಒಕ್ಕಣೆ: "ನಿಂಗಮ್ಮಳಿಗೆ. ದಿನಾಂಕ ೧೭-೧೧-೨೦೧೩ರಂದು ಬೆಳಿಗ್ಗೆ ೭-೧೨ಕ್ಕೆ ನಿನ್ನ ದನಿ ನನಗೆ ಕೇಳಿಸಿತು. ನಿನ್ನ ಗಡಿಯಾರವೇ ಸರಿ. ಜಗದಾಂಬ." ೭-೧೭ ಎಂಬುದನ್ನು ಹೊಡೆದುಹಾಕಿ ತಿದ್ದಿದೆ. ತಿದ್ದುಪಡಿಗೆ ಕಿರುಸಹಿ ಇದೆ.

ವಿಶೇಷ ಸೂಚನೆ: ಅರ್ಜಿ ತಿರಸ್ಕೃತವಾದಲ್ಲಿ ಅದನ್ನೂ ಬರೆದೇ ಕೊಡಬೇಕು. ಬಾಯಲ್ಲಿ ಹೇಳೋದಲ್ಲ.

(ಅರ್ಜಿಯ ಹಿಂಬದಿಯಲ್ಲಿ, ನೀಲಿ ಬಾಲ್ ಪೆನ್ನಿನಲ್ಲಿ, ಬೇರೆ ಕೈಬರಹ)

ಷರಾ:

ಅರ್ಜಿ ಓದಿದೆ. ಉಲ್ಲೇಖ (೨)ರ ಮಾತು ನನ್ನದೇ.

ಕೋರಿಕೆ (ಅ), (ಆ), (ಇ) ಮಂಜೂರು. ಕಂಪ್ಯೂಟರಿನ ಗಡಿಯಾರ ಮಧ್ಯಾಹ್ನ ೨-೫೦ಕ್ಕೆ ನಾನೇ ಸರಿಸಿದ್ದೇನೆ. ಈ ಸಲ ಕೈಗಡಿಯಾರ ನೋಡಿಲ್ಲ. ತಾನೇ ತಿದ್ದಿಕೊಳ್ಳುವುದನ್ನು ಪುನಃ ಚಾಲೂ ಮಾಡಿದ್ದೇನೆ. ಗೆರೆಯ ಪಕ್ಕ ಅಕ್ಷರ ಬರುತ್ತಿದೆ. ಯಾರೋ ಜಪಾನಿನವನು. ಅರ್ಜಿದಾರಳು ಮಲಗಿದ್ದರಿಂದ ಎಬ್ಬಿಸಿಲ್ಲ.

ರೊಟ್ಟಿ ಅಷ್ಟೇನೂ ಸೀದಿರಲಿಲ್ಲ.

ಲಗತ್ತು ೩ನ್ನು ಕಡತದಲ್ಲಿ ಇಟ್ಟುಕೊಂಡಿಲ್ಲ. ಕೊಡೆ ಹಿಡಿದು ಹೋಗಿ ಪೋಸ್ಟಾಫೀಸಿನ ಕೆಂಪು ಪೆಟ್ಟಿಗೆಗೆ ಹಾಕಿ, ಟಪಾಲಿನವನು ಬಂದು ಬೀಗ ತೆಗೆದು ಚೀಲಕ್ಕೆ ತುಂಬುವ ತನಕ ನಿಂತಿದ್ದು ನೋಡಿ ಬಂದಿದ್ದೇನೆ.

ಕಾರ್ಡು ಹೊರಟ ಸಮಯ: ೪-೦೦. ಸ್ಟ್ಯಾಂಡ್ ಟೈಮ್.

ಹುಲಿಯಪ್ಪ (ಸಹಿ)